ಗೆರಸಿ ಹಿಡಿದ ಕೈ

ಫೋನು ಬಂದಾಗ ನಾನು ಇಡ್ಲಿಗೆ ಉದ್ದು ನೆನೆಹಾಕುತ್ತಿದ್ದೆ. ಆ ಕಡೆಯಿಂದ ನನ್ನ ಲೇಖಕಿ ಸ್ನೇಹಿತೆಯ ಮಗಳು. "ಅಮ್ಮ ಹೋದ್ರು. ಬೆಳಿಗ್ಗೆ ಟೀ ತಗೊಂಡು ಹೋದ್ರೆ ಕನ್ನಡಕ ಹಾಕ್ಕೊಂಡೇ ಮಲಗಿದ್ರು. ಎದೆ ಮೇಲೆ ಪುಸ್ತಕ. ಅವರದೇ ಪುಸ್ತಕ" ಎಂದರು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು. ತಾವು ಬರೆದದ್ದನ್ನು ತಾವೇ ಓದಿ ಮೆಚ್ಚಿಕೊಳ್ಳುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಿಗೆ ಎರಡು ಹೆಸರಿದ್ದವು. ಒಂದು, ಹದಿನಾಲ್ಕು ಇಂಗ್ಲಿಷ್ ಕಾದಂಬರಿಗಳ ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಅಚ್ಚಾದದ್ದು. ಇನ್ನೊಂದು, ಆರು ವರ್ಷದವರೆಗೆ ಅವರ ತಾಯಿ ಕರೆಯುತ್ತಿದ್ದದ್ದು. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದ್ದು. ಎರಡನೆಯದನ್ನು ನನಗೆ ಒಮ್ಮೆ ಮಾತ್ರ ಹೇಳಿದ್ದರು, ಅದೂ ಕಿವಿಯಲ್ಲಿ. ಅದು ಅಲ್ಲೇ ಇರಲಿ.

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಕೌನ್ಸಿಲ್‌ನ ಸಣ್ಣ ಗ್ರಂಥಾಲಯವೊಂದಿತ್ತು. ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದೆ. ಆಗ ಪ್ರತಿ ಪುಸ್ತಕದ ಮೊದಲ ಹಾಳೆಗೂ ಒಂದು ಚೀಟಿ ಅಂಟಿಸಿರುತ್ತಿತ್ತು. ಯಾರಾದರೂ ಪುಸ್ತಕ ಒಯ್ದರೆ, ಹಿಂದಕ್ಕೆ ಕೊಡಬೇಕಾದ ತಾರೀಖನ್ನು ರಬ್ಬರ್ ಮೊಹರಿನಿಂದ ಆ ಚೀಟಿಯ ಮೇಲೆ ಒತ್ತಿ ಕೊಡುವುದು ನನ್ನ ಕೆಲಸ.

ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಅವರು ಬರುತ್ತಿದ್ದರು. ಎಪ್ಪತ್ತರ ಆಸುಪಾಸು. ಅಗಲ ಅಂಚಿನ ಟೊಪ್ಪಿ, ಕೈಗವಸು, ಮುಖದ ತುಂಬ ಪೌಡರು. ಜೂನ್ ತಿಂಗಳ ಒಳ್ಳೆಯ ಬಿಸಿಲಿನಲ್ಲೂ ಬಿಡಿಸಿದ ಕೊಡೆ. ಲಂಡನ್ನಿನಲ್ಲಿ ಬಿಸಿಲು ಬಂದರೆ ಇಲ್ಲಿಯ ಜನ ಅಂಗಿ ಕಳಚಿ ಪಾರ್ಕಿನಲ್ಲಿ ಮಲಗುತ್ತಾರೆ. ಇವರೊಬ್ಬರು ಮಾತ್ರ ನೆರಳು ಹುಡುಕಿ ರಸ್ತೆ ದಾಟುತ್ತಿದ್ದರು. ಒಳಗೆ ಬಂದವರೇ ನೇರ ಕಾದಂಬರಿಗಳ ಸಾಲಿಗೆ ಹೋಗಿ, ಒಬ್ಬಳೇ ಲೇಖಕಿಯ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಚೀಟಿ ನೋಡುತ್ತಿದ್ದರು. ಹೊಸ ತಾರೀಖು ಕಂಡರೆ ತುಟಿಯ ತುದಿಯಲ್ಲಿ ಒಂದು ನಗು. ಆರು ತಿಂಗಳಿನಿಂದ ಯಾರೂ ಒಯ್ಯದ ಪುಸ್ತಕವಾದರೆ ಅದನ್ನು ಕಣ್ಣಿನ ಎತ್ತರದ ಸಾಲಿಗೆ ಏರಿಸಿ, ಮುಖ ಹೊರಗೆ ಕಾಣುವಂತೆ ನಿಲ್ಲಿಸಿ, ಅಲ್ಲಿದ್ದ ಕೊಲೆ-ಪತ್ತೇದಾರಿ ಪುಸ್ತಕಗಳನ್ನು ಹಿಂದಕ್ಕೆ ತಳ್ಳಿ ಹೋಗುತ್ತಿದ್ದರು.

ಮೂರು ವಾರ ನೋಡಿದೆ. ನಾಲ್ಕನೆಯ ವಾರ ಹತ್ತಿರ ಹೋಗಿ, "ಮೇಡಂ, ಆ ಪುಸ್ತಕಗಳ ಜಾಗ ಕೆಳಗಿನ ಸಾಲು" ಎಂದೆ.

"ಹೌದಾ ಡಿಯರ್? ತುಂಟ ಪುಸ್ತಕಗಳು. ನಾನು ಬರೋದ್ರೊಳಗೆ ಹತ್ತಿಬಿಟ್ಟಿವೆ ನೋಡು."

ಪುಸ್ತಕದ ಹಿಂಬದಿಯ ಫೋಟೋದಲ್ಲೂ ಅದೇ ಟೊಪ್ಪಿ ಇತ್ತು. ನಾನು ಫೋಟೋ ನೋಡಿದೆ, ಅವರನ್ನು ನೋಡಿದೆ. ಅವರು ಬೆರಳನ್ನು ತುಟಿಯ ಮೇಲಿಟ್ಟರು. ಅಂದಿನಿಂದ ಆ ಪುಸ್ತಕಗಳು ಮೇಲೇ ಉಳಿದವು.

ಪರಿಚಯವಾದ ಮೇಲೆ ಓದದಿದ್ದರೆ ಹೇಗೆ ಎಂದು ಒಂದೊಂದಾಗಿ ಮನೆಗೆ ತಂದು ಓದಿದೆ. ಎಲ್ಲವೂ ಇಂಗ್ಲೆಂಡಿನ ಹಳ್ಳಿಯ ಕತೆಗಳು. ಪಾದ್ರಿಯ ಮನೆ, ಸೇಬಿನ ಮರ, ವಿಧವೆಯನ್ನು ಮದುವೆಯಾಗುವ ಡಾಕ್ಟರು. ಪಾರ್ಕ್ ರಾಯಲ್‌ನ ಬಿಸ್ಕತ್ತು ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಂದ ನಮ್ಮವರು, "ಈ ಡಾಕ್ಟರಿಗೆ ರೋಗಿಗಳೇ ಇಲ್ವ?" ಎಂದು ಕೇಳುತ್ತಿದ್ದರು. ಆದರೆ ಪ್ರತಿ ಕಾದಂಬರಿಯಲ್ಲೂ ಒಬ್ಬ ಅಡುಗೆಯವಳಿರುತ್ತಿದ್ದಳು. ಹೆಚ್ಚು ಮಾತಿಲ್ಲ. ಹಿತ್ತಿಲ ಬಾಗಿಲ ಬಳಿ ನೆಲದ ಮೇಲೆ ಕೂತು, ಕಾಲು ಚಾಚಿ, ಬಟಾಣಿ ಸುಲಿಯುತ್ತಲೋ ಧಾನ್ಯ ಆರಿಸುತ್ತಲೋ ಇರುತ್ತಿದ್ದಳು. ಮನೆಯ ಮಗು ಅವಳ ಮಗ್ಗುಲಿಗೆ ಬಂದು ಕೂರುತ್ತಿತ್ತು. ಓದಿ ಮಡಚಿಟ್ಟ ಮೇಲೆ ಉಳಿದ ಕತೆ ಮರೆತು ಆ ಅಡುಗೆಯವಳು ನೆನಪಿರುತ್ತಿದ್ದಳು. ಈ ದೇಶದಲ್ಲಿ ಯಾವ ಅಡುಗೆಯವಳು ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ ಎಂಬ ಪ್ರಶ್ನೆ ಒಮ್ಮೆ ತಲೆಗೆ ಬಂತು, ಸಾರು ಉಕ್ಕಿದ ಗಡಿಬಿಡಿಯಲ್ಲಿ ಹೋಯಿತು.

ಮರುವರ್ಷ ಚಳಿಗಾಲದಲ್ಲಿ ಗ್ರಂಥಾಲಯದ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಕಾಲಿಟ್ಟು ಅವರು ಜಾರಿದರು. ಮೂಳೆಗೆ ಏನೂ ಆಗಿರಲಿಲ್ಲ, ಹಿಡಿದ ಕಂಬಿಯನ್ನು ಮಾತ್ರ ಬಿಡಲೊಲ್ಲರು. ಗುರುವಾರ ನಮಗೆ ಅರ್ಧ ದಿನ. ಬಾಗಿಲು ಹಾಕಿ, ಮೆಲ್ಲಗೆ ನಡೆಸಿಕೊಂಡು ನಮ್ಮ ಮನೆಗೇ ಕರೆತಂದೆ. ಆಗ ನನ್ನ ಅತ್ತೆ ಕುಂದಾಪುರದಿಂದ ಬಂದು ನಮ್ಮಲ್ಲಿ ಆರು ತಿಂಗಳಿರುವವರಿದ್ದರು. ಅತ್ತೆ ಶುಂಠಿ ಕಷಾಯ ಮಾಡಿಕೊಟ್ಟರು. ಅವರು ಒಂದು ಗುಟುಕಿಗೂ ಮುಖ ಕಿವುಚದೆ ಪೂರ್ತಿ ಕುಡಿದರು.

"ಕಾಣ್ ಹೆಣೆ, ಎಂಥಾ ಗಟ್ಟಿ ಹೆಂಗ್ಸ್" ಎಂದು ಅತ್ತೆ ನನಗೆ ತೋರಿಸಿದರು, ಅವರ ಎದುರಿಗೇ.

ಇಲ್ಲೇ ನಾವೊಂದು ತಪ್ಪು ಮಾಡಿದ್ದು. ಈ ಊರಿನಲ್ಲಿರುವ ನಮ್ಮಂಥವರೆಲ್ಲ ಮಾಡುವ ತಪ್ಪು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಜಿ.ಪಿ. ಡಾಕ್ಟರ ಕೋಣೆಯಲ್ಲಿ, ಎದುರಿಗಿರುವವರು ಬಿಳಿಯರು ಎಂದರೆ ಕನ್ನಡದಲ್ಲಿ ಬಾಯಿಗೆ ಬಂದದ್ದು ಆಡುತ್ತೇವೆ. ಗೋಡೆಯ ಎದುರು ಆಡಿದಂತೆ. ಅಂದಿನಿಂದ ಅವರು ಪ್ರತಿ ಗುರುವಾರ ಮಧ್ಯಾಹ್ನ ಕಾಫಿಗೆ ಬರತೊಡಗಿದರು, ಮತ್ತು ಅತ್ತೆ ಪ್ರತಿ ಗುರುವಾರ ಅವರ ಎದುರೇ ಕೂತು ಅವರ ಬಗ್ಗೆ ಮಾತಾಡತೊಡಗಿದರು.

"ಇಷ್ಟ್ ಪೌಡರ್ ಎಂತಕ್ಕೆ? ಗೋಡೆಗ್ ಸುಣ್ಣ ಬಳ್ದಂಗ್ ಕಾಣತ್ತ್."

"ಅತ್ತೆ, ಸುಮ್ಮನಿರಿ."

"ಅವ್ರಿಗ್ ಎಂತ ಗೊತ್ತಾತ್ತ್? ಆ ಚಪ್ಲಿ ಕಾಣ್, ಗಂಡಸ್ರ್ ಚಪ್ಲಿ."

"ಅತ್ತೆಯವರು ಏನಂತಾರೆ?" ಎಂದು ಅವರು ಕೇಳಿದರೆ ನಾನು, "ನಿಮ್ಮ ಕೋಟು ಚೆನ್ನಾಗಿದೆಯಂತೆ" ಎನ್ನುತ್ತಿದ್ದೆ. "ತುಂಬ ಒಳ್ಳೆಯವರು" ಎಂದು ಅವರು ತಲೆದೂಗುತ್ತಿದ್ದರು. ಮುಂದಿನ ವಾರ ಅವರ ಪೌಡರು ಕಡಿಮೆಯಾಗಿತ್ತು. ಅದರ ಮುಂದಿನ ವಾರ ಹೊಸ ಚಪ್ಪಲಿ ಬಂತು. ನಾನು ನೋಡಿದೆ, ಆದರೆ ಒಂದಕ್ಕೊಂದು ಕೂಡಿಸಲಿಲ್ಲ.

ಅತ್ತೆ ಊರಿಂದ ಬರುವಾಗ ನಾಲ್ಕು ಸೇರು ಹುರುಳಿಯನ್ನೂ ಒಂದು ಗೆರಸಿಯನ್ನೂ ತಂದಿದ್ದರು. ಮೊರಕ್ಕೆ ನಮ್ಮ ಕಡೆ ಗೆರಸಿ ಎನ್ನುತ್ತೇವೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಇದೇನು ಎಂದು ಕೇಳಿದನಂತೆ. ಅತ್ತೆಗೆ ಇಂಗ್ಲಿಷ್ ಬಾರದು. ಅದನ್ನು ತಲೆಯ ಮೇಲೆ ಇಟ್ಟು ತೋರಿಸಿದರಂತೆ. ಟೊಪ್ಪಿ ಎಂದುಕೊಂಡು ಬಿಟ್ಟ.

ಫೆಬ್ರವರಿಯ ಒಂದು ಗುರುವಾರ. ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತು ಹುರುಳಿ ಕೇರುತ್ತಿದ್ದರು. ನಾನು ಒಲೆಯ ಮುಂದೆ. ಅವರು ಕುರ್ಚಿಯಲ್ಲಿ ಕಾಫಿ ಹಿಡಿದು ನೋಡುತ್ತಿದ್ದರು. ಬಾಗಿಲ ಗಂಟೆ ಸದ್ದಾಯಿತೆಂದು ಅತ್ತೆ ಗೆರಸಿ ಕೆಳಗಿಟ್ಟು ಎದ್ದುಹೋದರು. ಪೋಸ್ಟಿನವನು. ಅತ್ತೆ ತಿರುಗಿ ಬರುವಷ್ಟರಲ್ಲಿ ಅವರು ಕುರ್ಚಿ ಬಿಟ್ಟು ನೆಲಕ್ಕೆ ಇಳಿದಿದ್ದರು. ದಪ್ಪ ಉಣ್ಣೆಯ ಲಂಗದಲ್ಲಿ ಕಾಲು ಚಾಚಿ, ಗೆರಸಿ ಎತ್ತಿ, ಕೇರುತ್ತಿದ್ದರು.

ಕೇರುವುದನ್ನು ನೋಡಿದವರಿಗೆ ಗೊತ್ತು. ಕಾಳು ಮೇಲೆ ಹಾರಬೇಕು, ಹಾರಿದ್ದು ಅದೇ ಜಾಗಕ್ಕೆ ಬೀಳಬೇಕು. ಹೊಟ್ಟು ಮುಂದಿನ ತುದಿಗೆ ಬರಬೇಕು, ಕಲ್ಲು ಹಿಂದೆ ಉಳಿಯಬೇಕು. ಮಣಿಕಟ್ಟಿನಲ್ಲಿ ಒಂದು ಸಣ್ಣ ಎಳೆತವಿದೆ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ನನಗೆ ಅದು ಪೂರ್ತಿ ಬಂದಿಲ್ಲ. ಅವರ ಕೈಯಲ್ಲಿ ಅದು ಉಸಿರಿನಷ್ಟು ಸಲೀಸಾಗಿತ್ತು. ಅಂಗೈಯ ಅಂಚಿನಿಂದ ಗೆರಸಿಗೆ ಎರಡು ಸಲ ತಟ್ಟಿ, ಉಫ್ ಎಂದು ಊದಿದರು. ಹೊಟ್ಟು ಹಾರಿತು. ಒಂದು ಕಾಳೂ ಬೀಳಲಿಲ್ಲ.

ಆಮೇಲೆ ತಲೆಯೆತ್ತಿ ನಮ್ಮನ್ನು ನೋಡಿದರು. ಮುಖ ಕೆಂಪಾಯಿತು. "ನಾನು ಸಣ್ಣವಳಿದ್ದಾಗ ಸ್ವಲ್ಪ ದಿನ ಇಂಡಿಯಾದಲ್ಲಿದ್ದೆ. ಆಯಾ ಕಲಿಸಿದ್ದು" ಎಂದರು.

ನಾನು ಅತ್ತೆಗೆ ಹೇಳಿದೆ: "ಇವರ ಆಯಾ ಕಲಿಸಿದ್ದಂತೆ."

"ಆಯಾನಾ?" ಅತ್ತೆ ನಕ್ಕರು. "ಆಯಾ ಯಜಮಾನ್ರ್ ಮಕ್ಳ್ ಕೈಯಂಗೆ ಗೆರಸಿ ಕೊಡ್ತಾಳಾ? ಸುಳ್ಳ್. ಇದ್ ಅಬ್ಬಿ ಮಗ್ಲಂಗೆ ಕೂತ್ ಕಲ್ತದ್."

ನಮ್ಮ ಕಡೆ ತಾಯಿಗೆ ಅಬ್ಬಿ ಎನ್ನುತ್ತಾರೆ. ನಾನು ಅದನ್ನು ಕೋಟಿನ ಹೊಗಳಿಕೆಯಾಗಿ ಹೇಗೆ ಅನುವಾದಿಸಲಿ ಎಂದು ಯೋಚಿಸುತ್ತಿದ್ದೆ. ಅವರು ಗೆರಸಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಅಬ್ಬಿ" ಎಂದರು. ಸ್ವಲ್ಪ ತಡೆದು, ನಿಧಾನವಾಗಿ, ಪುಟ್ಟ ಮಗುವಿನ ಕನ್ನಡದಲ್ಲಿ: "ಅಬ್ಬಿ ಹೊಡಿತಿದ್ಲ್. ಕಾಳ್ ಚೆಲ್ರೆ, ಕೈ ಮೇಲೆ ಹೊಡಿತಿದ್ಲ್."

ಒಲೆಯ ಮೇಲಿನ ಹಾಲು ಉಕ್ಕಿತು. ಯಾರೂ ಅದರ ಕಡೆ ನೋಡಲಿಲ್ಲ.

ಅತ್ತೆಗೆ ಮೊದಲು ಹೊಳೆದದ್ದು ಇಷ್ಟು ದಿನ ತಾವು ಆಡಿದ ಮಾತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯೋ ದೇವ್ರೇ, ಹಾಂಗಾರೆ ಆ ಪೌಡರ್... ಆ ಚಪ್ಲಿ..." ಎಂದರು.

ಅವರು ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ, "ಚಪ್ಪಲಿಯ ವಿಷಯದಲ್ಲಿ ನಿಮ್ಮತ್ತೆ ಹೇಳಿದ್ದು ಸರಿ. ಪೌಡರಿನ ವಿಷಯದಲ್ಲೂ" ಎಂದರು. ಆಮೇಲೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ನೀರು ಯಾವಾಗ ಬೇರೆಯಾಯಿತೋ ತಿಳಿಯಲಿಲ್ಲ.

ಅವರ ಕತೆ ಉದ್ದವಿಲ್ಲ. ಘಟ್ಟದ ಮೇಲಿನ ಕಾಫಿ ತೋಟವೊಂದರ ಬಿಳಿಯ ದೊರೆ ಅವರ ತಂದೆ. ಕರಾವಳಿಯಿಂದ ಹಣ್ಣು ಕೊಯ್ಯಲು ಹೋದ ಆಳುಗಳಲ್ಲಿ ಒಬ್ಬಳು ತಾಯಿ. ಮಗುವಿನ ಬಣ್ಣ ತಂದೆಯದು. ಆರು ವರ್ಷ ತುಂಬುವವರೆಗೆ ತಾಯಿಯ ಬಳಿ ಬಿಟ್ಟು, ಆಮೇಲೆ ಹೊಸ ಫ್ರಾಕು ತೊಡಿಸಿ ಹಡಗಿನಲ್ಲಿ ಇಂಗ್ಲೆಂಡಿಗೆ, ಡೆವನ್‌ನಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದರು. ಆ ಸೋದರತ್ತೆ ಮೊದಲ ದಿನವೇ ಹೇಳಿಕೊಟ್ಟಳಂತೆ: ನೀನು ಇಲ್ಲೇ ಹುಟ್ಟಿದ್ದು, ನಿನ್ನ ತಾಯಿ ಹೆರಿಗೆಯಲ್ಲಿ ಸತ್ತಳು, ಕೂದಲು ಯಾಕೆ ಕಪ್ಪು ಎಂದು ಕೇಳಿದರೆ ಅಜ್ಜಿ ಸ್ಪೇನಿನವಳು ಎನ್ನು. ಬಿಸಿಲಿಗೆ ಹೋಗಬೇಡ.

"ಅರವತ್ತು ವರ್ಷ ಹೋಗಲಿಲ್ಲ" ಎಂದು ನಕ್ಕರು.

ಗಂಡನಿಗೆ ಹೇಳಲಿಲ್ಲ. ಆತ ಸತ್ತೂ ಹೋದ. ಮಗಳಿಗೆ ಹೇಳಲಿಲ್ಲ. ಗಂಡ ಹೋದ ಮೇಲೆ ಒಬ್ಬರೇ ಫ್ಲಾಟು ಹುಡುಕುವಾಗ ಶನಿವಾರಗಳಂದು ನಮ್ಮ ದೇಶದವರೇ ತುಂಬಿರುವ ಸೌತ್‌ಹಾಲ್‌ಗೆ ಹೋಗಿ, ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಕೂತು ಜನರ ಮಾತು ಕೇಳುತ್ತಿದ್ದರಂತೆ. ಅಲ್ಲಿ ಎಲ್ಲ ಭಾಷೆ ಕೇಳಿಸಿತು, ತಾಯಿಯದು ಕೇಳಿಸಲಿಲ್ಲ. ಒಂದು ದಿನ ಕಿಂಗ್ಸ್‌ಬರಿಯ ಬಸ್ ಸ್ಟಾಪಿನಲ್ಲಿ ಹೆಂಗಸೊಬ್ಬಳು ತನ್ನ ಮಗಳನ್ನು ಬೈಯುವುದು ಕೇಳಿಸಿತು. ಮಗಳು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಿದ್ದಳು. ಆ ಹೆಂಗಸು ಗ್ರಂಥಾಲಯದ ಒಳಗೆ ಹೋಗಿ ಕೌಂಟರಿನಲ್ಲಿ ಕೂತಳು. ಅವರು ಅಲ್ಲೇ ಹತ್ತಿರದಲ್ಲಿ ಫ್ಲಾಟು ಹಿಡಿದರು.

"ನಾನಾ?" ಎಂದೆ.

"ಎಷ್ಟು ಚೆನ್ನಾಗಿ ಬೈತಿದ್ದೆ ನೀನು" ಎಂದರು. "ಒಂದೊಂದು ಮಾತೂ ಅರ್ಥವಾಯ್ತು."

ಅತ್ತೆಗೆ ಅಂದಿನಿಂದ ಅವರು ಅಕ್ಕ. ವಯಸ್ಸಿನಲ್ಲಿ ಯಾರು ದೊಡ್ಡವರೋ ಇಬ್ಬರೂ ಲೆಕ್ಕ ಹಾಕಲಿಲ್ಲ. ಅವರೂ ಅತ್ತೆಯನ್ನು ಅಕ್ಕ ಎಂದೇ ಕರೆದರು. ಅವರ ಕನ್ನಡ ಆರು ವರ್ಷಕ್ಕೇ ನಿಂತುಹೋಗಿತ್ತು. ಹಸಿವು, ಹೆದರಿಕೆ, ಅಪ್ಪಚ್ಚಿ ಮಾಡಿದ ಬಾಳೆಹಣ್ಣು, ಕಾಲಿಗೆ ಚುಚ್ಚಿದ ಮುಳ್ಳು, ಇವೆಲ್ಲಕ್ಕೂ ಮಾತಿತ್ತು. ಮದುವೆ, ಗಂಡ, ಪುಸ್ತಕ, ಸಾವು, ಇದಕ್ಕೆಲ್ಲ ಇಂಗ್ಲಿಷೇ ಬೇಕಿತ್ತು.

ಮಾರ್ಚಿನಲ್ಲಿ ಒಂದು ಲಕೋಟೆ ತಂದು ತೋರಿಸಿದರು. ಅವರ ಮೊದಲ ಕಾದಂಬರಿಯನ್ನು ಪ್ರಕಾಶಕರು ಮತ್ತೆ ಅಚ್ಚು ಹಾಕಿಸುವವರಿದ್ದರು. ಲೇಖಕಿಯ ಪರಿಚಯದಲ್ಲಿ ಏನಾದರೂ ತಿದ್ದುಪಡಿ ಇದ್ದರೆ ಎರಡು ತಿಂಗಳೊಳಗೆ ತಿಳಿಸಿ ಎಂದು ಬರೆದಿತ್ತು. ಕೆಳಗೆ ಹಳೆಯ ಪರಿಚಯ. ಮೊದಲ ಸಾಲು: "ಡೆವನ್‌ನಲ್ಲಿ ಹುಟ್ಟಿದರು." ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದು, ಕಾಗದ ಸವೆದಿತ್ತು.

"ಇದನ್ನು ಬದಲಿಸದೆ ಸತ್ತರೆ ಅವಳು ಇರಲೇ ಇಲ್ಲ ಅಂತಾಗತ್ತೆ" ಎಂದರು. ಅವಳು ಎಂದರೆ ತಾಯಿ. "ಆದರೆ ನನ್ನ ಮಗಳು ಇದನ್ನ ಪುಸ್ತಕದ ಅಂಗಡಿಯಲ್ಲಿ ನಿಂತು ಓದಬಾರದು. ಮೊದಲು ನಾನು ಹೇಳಬೇಕು. ಐವತ್ತು ವರ್ಷ ಅವಳಿಗೆ ಸುಳ್ಳು ಹೇಳಿದೀನಿ. ಆಮೇಲೆ ಅವಳು ನನ್ನ ಮನೆಗೆ ಬರದೇ ಹೋದ್ರೆ?"

ನಾನು ವಿಷಯ ಹೇಳಿದಾಗ ಅತ್ತೆ, "ಇಲ್ಲಿಗೇ ಕರ್ಕಂಡ್ ಬನ್ನಿ ಅಕ್ಕ" ಎಂದರು. "ಹುರುಳಿ ಇನ್ನೂ ಒಂದ್ ಸೇರ್ ಇತ್ತ್."

ಮಗಳು ಬಂದರು. ಎತ್ತರದ, ಗಂಭೀರ ಮುಖದ ಹೆಂಗಸು, ಫಿಸಿಯೋಥೆರಪಿಸ್ಟ್. ಯಾರನ್ನು ನೋಡಿದರೂ ಮೊದಲು ಅವರ ಭುಜ, ಮಂಡಿ ನೋಡುವ ಅಭ್ಯಾಸ. ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿ ನೆಲದ ಮೇಲೆ ಕೂತದ್ದನ್ನು ಕಂಡು, "ಅಮ್ಮಾ, ನಿಮ್ಮ ಸೊಂಟ!" ಎಂದರು. ಆಮೇಲೆ ತಾಯಿಯ ಕೈ ನೋಡಿದರು. ಗೆರಸಿಯಲ್ಲಿ ಕಾಳು ಏಳುತ್ತ ಬೀಳುತ್ತ ಇತ್ತು.

"ಹತ್ತು ವರ್ಷದಿಂದ ಕೈ ನೋವು ಅಂತೀರಿ. ಈ ಮಣಿಕಟ್ಟು ಹೀಗೆ ತಿರುಗತ್ತಾ? ಯಾರು ಕಲಿಸಿದ್ದು ಇದು?"

"ನನ್ನ..." ಎಂದು ಅವರು ನಿಲ್ಲಿಸಿದರು. ಗೆರಸಿಯೂ ನಿಂತಿತು. ಆಯಾ ಎಂಬ ಮಾತು ಅವರ ನಾಲಿಗೆಯ ತುದಿಯಲ್ಲಿ ನಿಂತಿರುವುದು ನನಗೆ ಕಾಣುತ್ತಿತ್ತು. ಅಂದು ನಮ್ಮೆದುರು ಆಡಿದ್ದ ಅದೇ ಸುಳ್ಳು. ಅತ್ತೆಗೆ ಇಂಗ್ಲಿಷ್ ಬಾರದು. ಏನಾಗುತ್ತಿದೆಯೆಂದು ಮಾತ್ರ ಗೊತ್ತು. ಡಬ್ಬಿಯಿಂದ ಇನ್ನೊಂದು ಬೊಗಸೆ ಹುರುಳಿ ತೆಗೆದು ಗೆರಸಿಗೆ ಸುರಿದು, "ಕೇರಿ, ಅಕ್ಕ" ಎಂದರು.

ಅವರು ಒಮ್ಮೆ ಹಾರಿಸಿದರು. ಕಾಳು ಬಂದು ಕೂತಿತು.

"ನನ್ನ ತಾಯಿ" ಎಂದರು.

"ಅಜ್ಜಿ ನೀವು ಹುಟ್ಟಿದಾಗಲೇ ಸತ್ತಿದ್ರು. ಡೆವನ್‌ನಲ್ಲಿ."

"ಇಲ್ಲ. ಅವಳು ಹೀಗೆ ಕೂರ್ತಿದ್ಲು. ಈ ಅಕ್ಕನ ಹಾಗೆ. ಸೀರೆ ಉಟ್ಕೊಂಡು."

ಮಗಳು ಹಿಂಬಾಗಿಲು ತೆಗೆದು ಹಿತ್ತಿಲಿಗೆ ಹೋಗಿ, ಬಟ್ಟೆ ಒಣಗಿಸುವ ಹಗ್ಗದ ಬಳಿ ನಮಗೆ ಬೆನ್ನು ಹಾಕಿ ನಿಂತರು. ಹಗ್ಗದ ಮೇಲೆ ಅತ್ತೆಯ ಸೀರೆಯಿತ್ತು. "ಸಿಟ್ ಬಂತಾ?" ಎಂದು ಅತ್ತೆ ಪಿಸುಗುಟ್ಟಿದರು. ಅವರು ಕೇರುತ್ತಲೇ ಇದ್ದರು. ಹೊಟ್ಟೂ ಇಲ್ಲ, ಕಲ್ಲೂ ಇಲ್ಲ. ಶುದ್ಧವಾದ ಕಾಳನ್ನೇ ಮತ್ತೆ ಮತ್ತೆ ಕೇರುತ್ತಿದ್ದರು.

ಕಾಫಿ ಎರಡು ಸಲ ಬಿಸಿಯಾದ ಮೇಲೆ ಮಗಳು ಒಳಗೆ ಬಂದರು. ಕಣ್ಣು ಕೆಂಪಾಗಿತ್ತು, ದನಿ ಗಡುಸಾಗಿತ್ತು. "ಅವರ ಹೆಸರೇನು?"

"ಗೊತ್ತಿಲ್ಲ. ಆರು ವರ್ಷದ ಮಗುವಿಗೆ ತಾಯಿಯ ಹೆಸರು ಯಾರು ಹೇಳ್ತಾರೆ? ನಾನು ಅಬ್ಬಿ ಅಂತಿದ್ದೆ."

ಮಗಳು ಅದನ್ನು ಹೇಳಲು ಹೋಗಿ ಎಳೆದು ಏನೋ ಮಾಡಿದರು. ಅತ್ತೆ ತಲೆಯಾಡಿಸಿ, "ಹಂಗಲ್ಲ. ಅಬ್ಬಿ" ಎಂದರು. ಮತ್ತೆ ತಪ್ಪಾಯಿತು. "ಅಬ್ಬಿ" ಎಂದರು ಅತ್ತೆ. ಮೂರನೆಯ ಸಲವೂ ಸರಿಯಾಗಲಿಲ್ಲ. ಮಗಳು ಕೋಟು ಹಾಕಿಕೊಂಡು ಹೊರಟುಹೋದರು. ಮೂರು ವಾರ ತಾಯಿಗೆ ಫೋನು ಮಾಡಲಿಲ್ಲ.

ಆ ಮೂರು ವಾರ ಅವರು ಗ್ರಂಥಾಲಯಕ್ಕೆ ಬಂದರೂ ಚೀಟಿ ನೋಡಲಿಲ್ಲ. ಲಕೋಟೆ ಕೈಚೀಲದಲ್ಲೇ ಇತ್ತು. ನಾಲ್ಕನೆಯ ಗುರುವಾರ ಕೌಂಟರಿನ ಮುಂದೆ ಮಗಳೇ ನಿಂತಿದ್ದರು, ಪಕ್ಕದಲ್ಲಿ ತಾಯಿ. "ನಿಮ್ಮ ಹತ್ರ ಒಳ್ಳೆ ಪೆನ್ನಿದೆಯಾ? ಇವರಿಗೆ ಪೆನ್ಸಿಲ್ ಕೊಟ್ರೆ ಅಳಿಸ್ತಾನೇ ಇರ್ತಾರೆ" ಎಂದರು. ನನ್ನ ಪೆನ್ನು ಕೊಟ್ಟೆ. ನನ್ನ ಕೌಂಟರಿನ ಮೇಲೆಯೇ ಅವರು ಬರೆದರು. ಮೂವರೂ ಹೋಗಿ ಮೂಲೆಯ ಪೋಸ್ಟ್ ಡಬ್ಬಿಗೆ ಹಾಕಿದೆವು. ಅಂದು ಬಿಸಿಲಿತ್ತು. ಅವರು ಕೊಡೆಯನ್ನು ಕೌಂಟರಿನ ಮೇಲೆ ಮರೆತು ಬಂದಿದ್ದರು. ತಿರುಗಿ ಕೇಳಲಿಲ್ಲ.

ಅತ್ತೆ ಊರಿಗೆ ಹೊರಟಾಗ ಗೆರಸಿಯನ್ನು ಅವರಿಗೆ ಬಿಟ್ಟುಹೋದರು. ಹೊಸ ಮುದ್ರಣದ ಪುಸ್ತಕ ಬಂದಾಗ ನಾನೇ ಚೀಟಿ ಅಂಟಿಸಿದೆ. ಪರಿಚಯದ ಮೊದಲ ಸಾಲು: "ದಕ್ಷಿಣ ಇಂಡಿಯಾದ ಕಾಫಿ ತೋಟವೊಂದರಲ್ಲಿ, ಅಲ್ಲಿಯ ಕೆಲಸಗಾರ್ತಿಯೊಬ್ಬಳ ಮಗಳಾಗಿ ಹುಟ್ಟಿದರು." ಯಾವ ಪತ್ರಿಕೆಯೂ ಅದರ ಬಗ್ಗೆ ಬರೆಯಲಿಲ್ಲ. ಓದುಗರೊಬ್ಬರು ಮಾತ್ರ ಪತ್ರ ಬರೆದರಂತೆ: ಈಗ ಅರ್ಥವಾಯಿತು, ನಿಮ್ಮ ಅಡುಗೆಯವಳು ಯಾಕೆ ನೆಲದ ಮೇಲೆ ಕೂರುತ್ತಾಳೆಂದು. ಅದನ್ನು ಅವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದರು. ಆಮೇಲೆ ಇನ್ನೂ ಏಳೆಂಟು ವರ್ಷ ಬದುಕಿದರು, ಪೌಡರಿಲ್ಲದೆ. ಬೇಸಿಗೆಯಲ್ಲಿ ಮಗಳ ಹಿತ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಬಿಸಿಲಲ್ಲಿ ಕೂತು, ತೋಳು ಕಂದು ಬಣ್ಣವಾದದ್ದನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಕೊನೆಯ ಬೆಳಿಗ್ಗೆ ಅವರ ಎದೆಯ ಮೇಲಿದ್ದದ್ದು ಆ ಹೊಸ ಮುದ್ರಣವೇ.

ಅಂತ್ಯಕ್ರಿಯೆ ಮುಗಿಸಿ ಎಲ್ಲರೂ ಮಗಳ ಮನೆಗೆ ಬಂದೆವು. ನಡುಮನೆಯಲ್ಲಿ ಟೀ, ಸ್ಯಾಂಡ್‌ವಿಚ್, ಮೆಲುದನಿಯ ಮಾತು. ಮಗಳು ಕಾಣಲಿಲ್ಲ. ಅಡುಗೆಮನೆಯಲ್ಲಿ ಇಣುಕಿದೆ. ಕಪ್ಪು ಉಡುಪಿನಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು, ತೊಡೆಯ ಮೇಲೆ ಗೆರಸಿ. "ಹುರುಳಿ ಸಾರು ಮಾಡಬೇಕು, ಅಮ್ಮ ಹೇಳಿದ್ರು" ಎಂದರು. ನಾನು ಬಾಗಿಲಲ್ಲೇ ನಿಂತೆ. ಅವರು ಎತ್ತಿ ಹಾರಿಸಿದರು. ಹುರುಳಿ ಅರ್ಧ ಗೆರಸಿಗೆ, ಅರ್ಧ ನೆಲಕ್ಕೆ ಬಿದ್ದು, ಫ್ರಿಜ್ಜಿನ ಕೆಳಗೆ, ನನ್ನ ಚಪ್ಪಲಿಯ ತನಕ ಉರುಳಿ ಬಂತು.

ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಡಗೈ ಎತ್ತಿ, ತಮ್ಮ ಬಲಗೈಯ ಮೇಲೆ ತಾವೇ ಪಟ್ಟೆಂದು ಒಂದು ಏಟು ಕೊಟ್ಟುಕೊಂಡರು.

"ಅಬ್ಬಿ" ಎಂದರು, ಸರಿಯಾಗಿ.